ಪುಟದ ಮೇಲೆ ಗೆದ್ದದ್ದು ತೆರೆಯ ಮೇಲೆ ಸೋತದ್ದೇಕೆ?

ಕನ್ನಡದಲ್ಲಿ 'ಚಿತ್ರಕಥೆ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಸಿನಿಮಾದ ಆರಂಭದಲ್ಲಿ ತೆರೆಯ ಮೇಲೆ ಮೂಡುವ 'ಕಥೆ, ಚಿತ್ರಕಥೆ, ಸಂಭಾಷಣೆ' ಎಂಬ ಸಾಲಿನಲ್ಲಿ ಅದು ಚಿತ್ರೀಕರಣಕ್ಕಾಗಿ ದೃಶ್ಯ ದೃಶ್ಯವಾಗಿ ಬರೆದಿಟ್ಟ ಹಸ್ತಪ್ರತಿ. ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ 'ಅಮರ ಚಿತ್ರಕಥೆ' ಮಾಲಿಕೆಯ ಹೆಸರಿನಲ್ಲಿ ಅದು ಚಿತ್ರ ಮತ್ತು ಮಾತುಗಳನ್ನು ಹೆಣೆದು ಪುಟದ ಮೇಲೆ ಹೇಳಿದ ಕಥೆ. ಪದ ಒಂದು, ಕಲೆಗಳು ಎರಡು. ನಮ್ಮ ಭಾಷೆಯಲ್ಲಿ ಇದು ಕೇವಲ ಪದದ ಆಕಸ್ಮಿಕ. ಆದರೆ ಹಾಲಿವುಡ್ ಈ ಎರಡನ್ನೂ ನಿಜವಾಗಿಯೇ ಒಂದೆಂದು ನಂಬಿತು. ಆ ನಂಬಿಕೆಯ ಬೆಲೆ ತೆತ್ತವರಲ್ಲಿ ಮುಖ್ಯರು ಇಂಗ್ಲೆಂಡಿನ ಲೇಖಕ ಅಲನ್ ಮೂರ್.

2001ರಿಂದ 2009ರವರೆಗಿನ ಎಂಟು ವರ್ಷಗಳಲ್ಲಿ ಮೂರ್ ಅವರ ನಾಲ್ಕು ಪ್ರಮುಖ ಗ್ರಾಫಿಕ್ ಕಾದಂಬರಿಗಳು ಚಲನಚಿತ್ರಗಳಾದವು. ಕೊನೆಯ ಎರಡು ಚಿತ್ರಗಳಲ್ಲಿ ಮೂಲ ಲೇಖಕನ ಹೆಸರೇ ಇಲ್ಲ. ಅದನ್ನು ತೆಗೆಸಿದವರು ಸ್ವತಃ ಲೇಖಕರೇ. ತಮ್ಮ ಪಾಲಿನ ಹಣವನ್ನೂ ಚಿತ್ರಕಾರರಿಗೇ ಕೊಟ್ಟುಬಿಡಿ ಎಂದು ಅವರು ಹೇಳಿದರು. ಹೆಸರನ್ನೂ ಹಣವನ್ನೂ ಒಬ್ಬ ಬರಹಗಾರ ಹೀಗೆ ನಿರಾಕರಿಸಲು ಕಾರಣವಾದರೂ ಏನು?

ಸಿದ್ಧ ನಕ್ಷೆಯೆಂಬ ಭ್ರಮೆ

ದೀರ್ಘವಾದ, ಸಂಕೀರ್ಣವಾದ, ಬಹುಮಟ್ಟಿಗೆ ವಯಸ್ಕ ಓದುಗರನ್ನು ಉದ್ದೇಶಿಸಿದ ಚಿತ್ರರೂಪದ ಕಾದಂಬರಿಯನ್ನು ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ. ಇದು ಚಿತ್ರ ನಿರ್ಮಾಪಕರನ್ನು ಸೆಳೆಯುವುದು ಸಹಜ. ದೊಡ್ಡ ಚಿತ್ರಗಳ ಚಿತ್ರೀಕರಣಕ್ಕೆ ಮುನ್ನ ಪ್ರತಿ ದೃಶ್ಯವನ್ನೂ ಕಾಗದದ ಮೇಲೆ ಚೌಕಟ್ಟುಗಳಲ್ಲಿ ಬಿಡಿಸಿಕೊಳ್ಳುವ ರೂಢಿಯಿದೆ; ಇದನ್ನೇ ಸ್ಟೋರಿಬೋರ್ಡ್ ಎನ್ನುವುದು. ಗ್ರಾಫಿಕ್ ಕಾದಂಬರಿಯ ಪುಟವೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಕ್ಯಾಮೆರಾದ ಕೋನ ನಿಗದಿಯಾಗಿದೆ, ಪಾತ್ರಗಳ ಮುಖ ಸಿದ್ಧವಾಗಿದೆ, ಮಾತುಗಳೂ ಇವೆ. ಇನ್ನು ನಟರನ್ನು ತಂದು ನಿಲ್ಲಿಸುವುದೊಂದೇ ಬಾಕಿ ಎನ್ನಿಸುತ್ತದೆ. ಮೂರ್ ಅವರ ಕೃತಿಗಳ ವಿಷಯದಲ್ಲಿ ಈ ಎಣಿಕೆ ಎರಡು ಬಗೆಯಲ್ಲಿ ತಪ್ಪಿತು. ಮೊದಲ ಚಿತ್ರಗಳು ಮೂಲವನ್ನು ಬಿಟ್ಟು ಕೆಟ್ಟವು. ಕೊನೆಯ ಚಿತ್ರ ಮೂಲಕ್ಕೆ ಅಂಟಿಕೊಂಡು ಸೊರಗಿತು.

ಪ್ರಶ್ನೆಯೇ ಬದಲಾದಾಗ

ಮೊದಲನೆಯದು 'ಫ್ರಮ್ ಹೆಲ್'. 1888ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ನಡೆದ ಬಡ ಮಹಿಳೆಯರ ಸರಣಿ ಹತ್ಯೆಗಳು ಇದರ ವಸ್ತು. ಎಡ್ಡಿ ಕ್ಯಾಂಪ್‌ಬೆಲ್ ಅವರ ಕಪ್ಪು ಶಾಯಿಯ ಗೀಚುಗೆರೆಗಳಲ್ಲಿ 1989ರಿಂದ ಕಂತುಕಂತಾಗಿ ಬಂದ ಈ ಕೃತಿ 1999ರಲ್ಲಿ ಒಂದೇ ಸಂಪುಟವಾಯಿತು. ಇದರಲ್ಲಿ ಕೊಲೆಗಾರ ಯಾರೆಂಬುದು ರಹಸ್ಯವೇ ಅಲ್ಲ. ರಾಜವೈದ್ಯ ವಿಲಿಯಂ ಗಲ್ ಎಂಬುದನ್ನು ಕೃತಿ ಆರಂಭದ ಭಾಗದಲ್ಲಿಯೇ ತೋರಿಸಿಬಿಡುತ್ತದೆ. ಇತಿಹಾಸಕಾರರು ಒಪ್ಪದ ಈ ವಾದವನ್ನು ಮೂರ್ ಕಲ್ಪನೆಯೆಂದೇ ಬಳಸಿಕೊಂಡು, ಎಲ್ಲಿ ಸತ್ಯ ಮುಗಿದು ಕಲ್ಪನೆ ಶುರುವಾಗುತ್ತದೆ ಎಂಬುದನ್ನು ಅನುಬಂಧದಲ್ಲಿ ಪುಟವಾರು ವಿವರಿಸಿದ್ದಾರೆ. 'ಯಾರು ಕೊಂದರು' ಎಂಬುದಲ್ಲ, 'ಎಂಥ ಸಮಾಜದಲ್ಲಿ ಇಂಥ ಕೊಲೆ ಸಾಧ್ಯ' ಎಂಬುದು ಅವರ ಪ್ರಶ್ನೆ.

ಹ್ಯೂಸ್ ಸಹೋದರರು 2001ರಲ್ಲಿ ನಿರ್ದೇಶಿಸಿದ ಚಿತ್ರ ಮತ್ತೆ 'ಯಾರು ಕೊಂದರು' ಎಂಬಲ್ಲಿಗೇ ಮರಳಿತು. ಪುಸ್ತಕದಲ್ಲಿ ನಡುವಯಸ್ಸಿನ, ದಪ್ಪ ಮೈಯ, ದಣಿದ ಪೊಲೀಸ್ ಅಧಿಕಾರಿಯಾಗಿದ್ದ ಆಬರ್‌ಲೀನ್ ಚಿತ್ರದಲ್ಲಿ ಅಫೀಮಿನ ಅಮಲಿನಲ್ಲಿ ಭವಿಷ್ಯ ಕಾಣುವ ಸುಂದರ ತರುಣನಾದ. ಆ ಪಾತ್ರದಲ್ಲಿ ಜಾನಿ ಡೆಪ್. ಸಮಾಜವನ್ನು ಕುರಿತ ಶೋಧ ಸಾಧಾರಣ ಪತ್ತೇದಾರಿ ಕಥೆಯಾಗಿ ಮುಗಿಯಿತು.

ಎರಡನೆಯದು 'ದಿ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜೆಂಟಲ್‌ಮೆನ್'. ವಿಕ್ಟೋರಿಯಾ ಕಾಲದ ಕಾದಂಬರಿಗಳ ಪಾತ್ರಗಳನ್ನೆಲ್ಲ ಒಂದು ತಂಡವಾಗಿಸಿ, ಆ ಮೂಲಕ ಸಾಮ್ರಾಜ್ಯಶಾಹಿಯನ್ನು ಗೇಲಿ ಮಾಡುವುದು ಮೂರ್ ಮತ್ತು ಚಿತ್ರಕಾರ ಕೆವಿನ್ ಒನೀಲ್ ಅವರ ಉದ್ದೇಶ. ಹೆಸರಿನಲ್ಲಿ 'ಸದ್ಗೃಹಸ್ಥರು' ಎಂದಿದ್ದರೂ ಈ ತಂಡದ ನಾಯಕಿ ಮೀನಾ ಮರ್ರೆ ಎಂಬ ಮಹಿಳೆ. ಬೇಟೆಗಾರ ಆಲನ್ ಕ್ವಾಟರ್‌ಮೇನ್ ಅಫೀಮಿಗೆ ದಾಸನಾದ ಮುದುಕ. ಕೃತಿಯ ವ್ಯಂಗ್ಯವೆಲ್ಲ ಅಡಗಿರುವುದು ಇಲ್ಲಿಯೇ. 2003ರ ಚಿತ್ರದಲ್ಲಿ ಕ್ವಾಟರ್‌ಮೇನ್ ಪಾತ್ರಕ್ಕೆ ಶಾನ್ ಕಾನರಿ ಬಂದರು. ಕೂಡಲೇ ನಾಯಕತ್ವ ಮೀನಾಳಿಂದ ಅವನಿಗೆ ವರ್ಗಾವಣೆಯಾಯಿತು. ಅಮೆರಿಕದ ಪ್ರೇಕ್ಷಕರಿಗೆಂದು ಟಾಮ್ ಸಾಯರ್‌ನನ್ನು ಗೂಢಚಾರನನ್ನಾಗಿಸಿ ಸೇರಿಸಲಾಯಿತು. ಗಿರೀಶ ಕಾಸರವಳ್ಳಿಯವರ 'ಮನೆ'ಯಲ್ಲಿ ನಟಿಸಿದ್ದ ನಾಸಿರುದ್ದೀನ್ ಷಾ ಇಲ್ಲಿ ಕ್ಯಾಪ್ಟನ್ ನೀಮೊ. ಬ್ರಿಟಿಷರನ್ನು ದ್ವೇಷಿಸುವ ಭಾರತೀಯ ರಾಜಕುಮಾರ ಅದೇ ಸಾಮ್ರಾಜ್ಯದ ಸೇವೆಗೆ ನಿಲ್ಲುವ ವಿಪರ್ಯಾಸಕ್ಕೆ ಪುಸ್ತಕದಲ್ಲಿ ತೂಕವಿದೆ. ಚಿತ್ರದಲ್ಲಿ ಅಷ್ಟು ದೊಡ್ಡ ನಟನಿಗೆ ಉಳಿದದ್ದು ಹಡಗು, ಕಾರು ಮತ್ತು ಕತ್ತಿವರಸೆ.

ಈ ಚಿತ್ರದ ವಿರುದ್ಧ ಕೃತಿಚೌರ್ಯದ ಮೊಕದ್ದಮೆಯೂ ಹೂಡಲ್ಪಟ್ಟಿತು. ತಾವು ಹಿಂದೆಯೇ ಕೊಟ್ಟಿದ್ದ ಕಥೆಯನ್ನು ಚಿತ್ರ ಸಂಸ್ಥೆ ಕದ್ದಿದೆ ಎಂಬುದು ಫಿರ್ಯಾದುದಾರರ ಆರೋಪ. ಸಂಸ್ಥೆ ಅದನ್ನು ನಿರಾಕರಿಸಿತು. ಕೊನೆಗೆ ವ್ಯಾಜ್ಯ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಆದರೆ ಆ ನಡುವೆ ಚಿತ್ರಕ್ಕೂ ತಮಗೂ ಸಂಬಂಧವಿಲ್ಲವೆಂದುಕೊಂಡಿದ್ದ ಮೂರ್ ಗಂಟೆಗಟ್ಟಲೆ ಸಾಕ್ಷ್ಯ ನುಡಿಯಬೇಕಾಯಿತು. ತಮ್ಮ ಕೃತಿಗಳ ಚಿತ್ರಗಳಿಗೆ ಇನ್ನು ತಮ್ಮ ಹೆಸರು ಬೇಡ ಎಂಬ ತೀರ್ಮಾನಕ್ಕೆ ಅವರು ಬಂದದ್ದು ಆಗ.

ಮುಖವಾಡ ಉಳಿಯಿತು, ವಿಚಾರ ಅಳಿಯಿತು

ಮೂರನೆಯ ಚಿತ್ರ 'ವಿ ಫಾರ್ ವೆಂಡೆಟಾ'. ಇದು ಹಣ ಗಳಿಸಿತು, ಅಭಿಮಾನಿಗಳನ್ನೂ ಗಳಿಸಿತು. ಆದ್ದರಿಂದ ಇಲ್ಲಿಯ ನಷ್ಟ ಸುಲಭವಾಗಿ ಕಾಣುವಂಥದ್ದಲ್ಲ. 1982ರಲ್ಲಿ, ಥ್ಯಾಚರ್ ಆಡಳಿತದ ಬ್ರಿಟನ್ನಿನಲ್ಲಿ, 'ವಾರಿಯರ್' ಪತ್ರಿಕೆಯಲ್ಲಿ ಆರಂಭವಾದ ಈ ಕೃತಿಯನ್ನು ಡೇವಿಡ್ ಲಾಯ್ಡ್ ಕಪ್ಪು ಬಿಳುಪಿನಲ್ಲಿ ಚಿತ್ರಿಸಿದ್ದರು. ಅದರಲ್ಲಿ ಎದುರುಬದುರಾಗುವುದು ಎರಡು ತುದಿಗಳು: ಫ್ಯಾಸಿಸಂ ಮತ್ತು ಅರಾಜಕತಾವಾದ. ಮುಖವಾಡ ತೊಟ್ಟ 'ವಿ' ವೀರನೋ ಹುಚ್ಚು ಕೊಲೆಗಡುಕನೋ ಎಂಬುದನ್ನು ಪುಸ್ತಕ ಹೇಳುವುದಿಲ್ಲ. ಫ್ಯಾಸಿಸ್ಟರೂ ಮನೆ, ಮಡದಿ, ಒಂಟಿತನ ಇರುವ ಸಾಮಾನ್ಯರು. ತೀರ್ಮಾನ ಓದುಗನಿಗೆ ಬಿಟ್ಟದ್ದು.

ವಾಚೊವ್‌ಸ್ಕಿ ದ್ವಯರು ಬರೆದು ಜೇಮ್ಸ್ ಮೆಕ್‌ಟೀಗ್ ನಿರ್ದೇಶಿಸಿದ ಚಿತ್ರ ಪುಸ್ತಕದ ಕೆಲವು ಪ್ರಸಂಗಗಳನ್ನು, ವಿಶೇಷವಾಗಿ ಸೆರೆಮನೆಯಲ್ಲಿ ಸಿಗುವ ವ್ಯಾಲೆರಿಯ ಪತ್ರವನ್ನು, ಶ್ರದ್ಧೆಯಿಂದ ಉಳಿಸಿಕೊಂಡಿದೆ. ಆದರೆ ಅರಾಜಕತಾವಾದದ ಚರ್ಚೆ ಬಹುತೇಕ ಮಾಯವಾಗಿದೆ. 'ವಿ' ಮಾತುಗಾರ ಪ್ರೇಮಿಯಾಗಿದ್ದಾನೆ, ಆಳುವವರು ಶುದ್ಧ ಖಳರಾಗಿದ್ದಾರೆ, ಪ್ರೇಕ್ಷಕನಿಗೆ ಆಯ್ಕೆಯ ಕಷ್ಟವೇ ಇಲ್ಲ. ಬುಷ್ ಕಾಲದ ಅಮೆರಿಕದ ಕುರಿತು ಮಾತನಾಡುವ ಚಿತ್ರ ಅದನ್ನು ಅಮೆರಿಕದಲ್ಲಿಯೇ ನಡೆಸುವ ಧೈರ್ಯ ತೋರಲಿಲ್ಲ ಎಂಬುದು ಮೂರ್ ಅವರ ಆಕ್ಷೇಪ. ಮುಂದೆ ಲಾಯ್ಡ್ ರೂಪಿಸಿದ ಗೈ ಫಾಕ್ಸ್ ಮುಖವಾಡ ಜಗತ್ತಿನ ಪ್ರತಿಭಟನೆಗಳ ಗುರುತಾಯಿತು. ಅಧಿಕೃತ ಮುಖವಾಡವೊಂದು ಮಾರಾಟವಾದಾಗಲೆಲ್ಲ ದೊಡ್ಡ ಚಿತ್ರೋದ್ಯಮ ಸಂಸ್ಥೆಯೊಂದಕ್ಕೆ ಪಾಲು ಸಲ್ಲುತ್ತಿತ್ತೆಂಬುದು ಈ ಕಥೆಯ ಇನ್ನೊಂದು ವ್ಯಂಗ್ಯ.

ನಿಷ್ಠೆಯೇ ಶತ್ರುವಾದಾಗ

ನಾಲ್ಕನೆಯದು 'ವಾಚ್‌ಮೆನ್'. ನಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಇಲ್ಲಿ. ಮೂರ್ ಮತ್ತು ಡೇವ್ ಗಿಬ್ಬನ್ಸ್ 1986-87ರಲ್ಲಿ 12 ಸಂಚಿಕೆಗಳಲ್ಲಿ ರಚಿಸಿದ ಈ ಕೃತಿಯನ್ನು 'ಟೈಮ್' ಪತ್ರಿಕೆ 2005ರಲ್ಲಿ ಪ್ರಕಟಿಸಿದ 100 ಶ್ರೇಷ್ಠ ಇಂಗ್ಲಿಷ್ ಕಾದಂಬರಿಗಳ ಪಟ್ಟಿಯಲ್ಲಿ ಸೇರಿಸಿತು. ನಿರ್ದೇಶಕ ಟೆರ್ರಿ ಗಿಲಿಯಂ ಇದನ್ನು ಚಿತ್ರವಾಗಿಸಲು ಹೊರಟು, ಎರಡೂವರೆ ಗಂಟೆಗೆ ಇಳಿಸಿದರೆ ಸಾರವೇ ಉಳಿಯದೆಂದು ಕೈಬಿಟ್ಟಿದ್ದರು. 2009ರಲ್ಲಿ ಝ್ಯಾಕ್ ಸ್ನೈಡರ್ ಸಾಧಿಸಿದರು. ಅವರ ನಿಷ್ಠೆಯನ್ನು ಯಾರೂ ಶಂಕಿಸುವಂತಿಲ್ಲ. ಅನೇಕ ದೃಶ್ಯಗಳು ಗಿಬ್ಬನ್ಸ್ ಬಿಡಿಸಿದ ಚೌಕಟ್ಟುಗಳ ಪಡಿಯಚ್ಚು. ಆದರೂ 162 ನಿಮಿಷಗಳ ಈ ಚಿತ್ರ ನೋಡಿದಾಗ ಪುಸ್ತಕ ಓದಿದವರಿಗೆ ಜೀವವಿಲ್ಲದ ಪ್ರತಿಮೆಯನ್ನು ಕಂಡಂತಾಗುತ್ತದೆ.

ಕಾರಣ ಕಾಲ. ಸಿನಿಮಾದಲ್ಲಿ ಕಾಲ ನಿರ್ದೇಶಕನ ವಶದಲ್ಲಿದೆ. ಒಂದು ದೃಶ್ಯ ಸರಿದು ಇನ್ನೊಂದು ಬರುತ್ತದೆ, ಹಿಂದಿನದು ಕಣ್ಣಿಗೆ ಸಿಗದು. ಪುಸ್ತಕದಲ್ಲಿ ಕಾಲ ಓದುಗನ ವಶದಲ್ಲಿದೆ. ಪುಟ ತೆರೆದೊಡನೆ ಒಂಬತ್ತು ಚೌಕಟ್ಟುಗಳೂ ಒಟ್ಟಿಗೆ ಎದುರಿಗಿವೆ. ಈಗ ಓದುತ್ತಿರುವುದು ವರ್ತಮಾನ, ಎಡಗಡೆಯದು ಭೂತ, ಬಲಗಡೆಯದು ಭವಿಷ್ಯ; ಮೂರೂ ಏಕಕಾಲಕ್ಕೆ ಕಣ್ಣ ಮುಂದಿವೆ.

ನಾಲ್ಕನೆಯ ಅಧ್ಯಾಯ ನಿಂತಿರುವುದೇ ಈ ಗುಣದ ಮೇಲೆ. ಡಾಕ್ಟರ್ ಮ್ಯಾನ್‌ಹಟನ್ ಎಂಬ ಅತಿಮಾನುಷ ವ್ಯಕ್ತಿ ಮಂಗಳ ಗ್ರಹದಲ್ಲಿ ಒಬ್ಬನೇ ಕುಳಿತು 1959ರ ಒಂದು ಛಾಯಾಚಿತ್ರ ನೋಡುತ್ತಿದ್ದಾನೆ. ಅವನಿಗೆ ಎಲ್ಲ ಕಾಲಗಳೂ ಒಟ್ಟಿಗೇ ಗೋಚರಿಸುತ್ತವೆ. ಕೈಯಲ್ಲಿರುವ ಚಿತ್ರ ಇನ್ನು ಕೆಲವು ಕ್ಷಣಗಳಲ್ಲಿ ಮರಳಿಗೆ ಬೀಳುತ್ತದೆ. ಅವನ ಪಾಲಿಗೆ ಅದು ಆಗಲೇ ಬಿದ್ದಿದೆ. ಪುಟದಲ್ಲಿ ಕೈಯಲ್ಲಿರುವ ಚಿತ್ರ, ಮರಳ ಮೇಲಿರುವ ಚಿತ್ರ ಎರಡೂ ಅಕ್ಕಪಕ್ಕದಲ್ಲಿವೆ. ಮ್ಯಾನ್‌ಹಟನ್ ಕಾಲವನ್ನು ಕಾಣುವ ಬಗೆಯೂ ಓದುಗ ಪುಟವನ್ನು ಕಾಣುವ ಬಗೆಯೂ ಒಂದೇ. ಆ ಏಕಾಕಿತನವನ್ನು ಓದುಗ ಸ್ವತಃ ಅನುಭವಿಸುತ್ತಾನೆ. ಚಿತ್ರದಲ್ಲಿ ಇದೇ ಪ್ರಸಂಗ ಇಂಪಾದ ಹಿನ್ನೆಲೆ ಸಂಗೀತದೊಡನೆ ಬರುತ್ತದೆ. ಆದರೆ ಒಂದಾದ ಮೇಲೊಂದು ಬರುವ ದೃಶ್ಯಗಳಲ್ಲಿ ಅದು ಕೇವಲ ಹಿನ್ನೋಟ.

ಐದನೆಯ ಅಧ್ಯಾಯವಂತೂ ಕನ್ನಡಿಯ ಹಾಗಿದೆ. ಮೊದಲ ಪುಟದ ಚೌಕಟ್ಟುಗಳ ವಿನ್ಯಾಸ ಕೊನೆಯ ಪುಟದಲ್ಲಿ, ಎರಡನೆಯದರ ವಿನ್ಯಾಸ ಕೊನೆಯಿಂದ ಎರಡನೆಯದರಲ್ಲಿ ಪ್ರತಿಬಿಂಬಿಸುತ್ತಾ ನಟ್ಟನಡುವಿನ ಜೋಡಿ ಪುಟದಲ್ಲಿ ಬಂದು ಸೇರುತ್ತವೆ. ಹಿಂದಕ್ಕೆ ಮುಂದಕ್ಕೆ ಪುಟ ತಿರುವುವವನಿಗೆ ಮಾತ್ರ ದಕ್ಕುವ ಸೊಗಸು ಇದು. ಚಿತ್ರಮಂದಿರದಲ್ಲಿ ಕುಳಿತವನು ತಿರುವುವುದೇನನ್ನು?

ಹಿಂಸೆಯ ವಿಷಯವೂ ಹೀಗೆಯೇ. ಕೃತಿಯ ಆರಂಭದ ಕೊಲೆ ಪುಸ್ತಕದಲ್ಲಿ ಪೊಲೀಸರ ತನಿಖೆಯ ನಡುನಡುವೆ ತೂರಿಬರುವ ಕೆಲವೇ ಕೆಂಪು ಚೌಕಟ್ಟುಗಳು. ಚಿತ್ರದಲ್ಲಿ ಅದು ಮೈನವಿರೇಳಿಸುವ ದೀರ್ಘ ಹೊಡೆದಾಟ, ಅದೂ ಸ್ಲೋ ಮೋಷನ್‌ನಲ್ಲಿ. ವೇಷ ತೊಟ್ಟು ಬೀದಿಗಿಳಿಯುವ ವೀರರು ಎಷ್ಟು ಹಾಸ್ಯಾಸ್ಪದರು, ಎಷ್ಟು ಅಪಾಯಕಾರಿಗಳು ಎಂದು ತೋರಿಸುವುದು ಪುಸ್ತಕದ ಉದ್ದೇಶ. ಹೊಟ್ಟೆ ಬಂದ ನಡುವಯಸ್ಸಿನ ವೀರನಿಗೆ ಮಾಂಸಖಂಡಗಳನ್ನು ಅಚ್ಚೊತ್ತಿದ ಕವಚ ತೊಡಿಸಿದ ಕೂಡಲೇ ಆ ಟೀಕೆ ಆರಾಧನೆಯಾಗಿಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ನಷ್ಟ ಬೀದಿಯ ಮೂಲೆಯ ಪತ್ರಿಕೆ ಅಂಗಡಿಯದು. ಪುಸ್ತಕದುದ್ದಕ್ಕೂ ಅಲ್ಲಿ ಒಬ್ಬ ವಾಚಾಳಿ ವ್ಯಾಪಾರಿ, ಪಕ್ಕದಲ್ಲಿ ಕುಳಿತು ಪುಕ್ಕಟೆಯಾಗಿ ಕಾಮಿಕ್ಸ್ ಓದುವ ಹುಡುಗ, ಹೋಗಿಬರುವ ಹತ್ತಾರು ಜನ. ಹನ್ನೆರಡನೆಯ ಅಧ್ಯಾಯ ತೆರೆದಾಗ ಒಂದೊಂದು ಪುಟಕ್ಕೆ ಒಂದೊಂದೇ ಚಿತ್ರದಂತೆ ಆರು ಪುಟಗಳು, ಎಲ್ಲವೂ ಶವಗಳು. ಅಷ್ಟರಲ್ಲಿ ಆ ಮುಖಗಳು ನಮಗೆ ಪರಿಚಿತವಾಗಿರುತ್ತವೆ. ಲೋಕ ಉಳಿಸಲೆಂದು ಲಕ್ಷಾಂತರ ಜನರನ್ನು ಕೊಲ್ಲಬಹುದೇ ಎಂಬ ಕೃತಿಯ ಪ್ರಶ್ನೆ ಚುಚ್ಚುವುದು ಆ ಪರಿಚಯದಿಂದಲೇ. ಚಿತ್ರಮಂದಿರಕ್ಕೆ ಬಂದ ಆವೃತ್ತಿಯಲ್ಲಿ ಈ ಜನರಿಗೆ ಜಾಗವೇ ಇಲ್ಲದಂತಾಯಿತು. ನಗರ ನಾಶವಾದಾಗ ಅಳುವಷ್ಟು ಹತ್ತಿರದವರು ಯಾರೂ ಇಲ್ಲ. ಅವರನ್ನು ಮರಳಿ ಸೇರಿಸಿದ 215 ನಿಮಿಷಗಳ ಆವೃತ್ತಿ ಬಂದದ್ದು ಡಿಸ್ಕ್ ರೂಪದಲ್ಲಿ.

ಹಾಗಾದರೆ ದಾರಿಯೇ ಇಲ್ಲವೇ?

ಇದೆ. ಇರಾನ್ ಮೂಲದ ಮರ್ಜಾನ್ ಸತ್ರಪಿ ತಮ್ಮ 'ಪರ್ಸೆಪೊಲಿಸ್' ಕೃತಿಯನ್ನು 2007ರಲ್ಲಿ ವಿನ್ಸೆಂಟ್ ಪರೊನೊ ಅವರೊಂದಿಗೆ ತಾವೇ ಚಿತ್ರವಾಗಿಸಿದರು. ನಟರ ಬದಲಿಗೆ ಕಪ್ಪು ಬಿಳುಪಿನ ಗೆರೆಗಳನ್ನೇ ಚಲಿಸುವಂತೆ ಮಾಡಿದರು. ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಪ್ರಶಸ್ತಿ ದೊರೆಯಿತು. ಇನ್ನೊಂದು ದಾರಿ, ಕಥೆಯನ್ನು ಬಿಟ್ಟು ಪ್ರಶ್ನೆಯನ್ನು ಎತ್ತಿಕೊಳ್ಳುವುದು. 2019ರಲ್ಲಿ ಡೇಮನ್ ಲಿಂಡೆಲಾಫ್ 'ವಾಚ್‌ಮೆನ್' ಹೆಸರಿನಲ್ಲಿಯೇ ರೂಪಿಸಿದ ಒಂಬತ್ತು ಕಂತುಗಳ ದೂರದರ್ಶನ ಧಾರಾವಾಹಿ ಪುಸ್ತಕವನ್ನು ಮತ್ತೆ ಹೇಳಲಿಲ್ಲ. 1921ರಲ್ಲಿ ಟಲ್ಸಾದಲ್ಲಿ ನಡೆದ ಕಪ್ಪು ಜನರ ಹತ್ಯಾಕಾಂಡದಿಂದ ಆರಂಭಿಸಿ ಮುಖವಾಡ, ಕಾನೂನು, ಜನಾಂಗದ್ವೇಷಗಳ ಕುರಿತು ತನ್ನದೇ ಮಾತು ಹೇಳಿತು. ಅದಕ್ಕೆ 11 ಎಮ್ಮಿ ಪ್ರಶಸ್ತಿಗಳು ಬಂದವು. ಮೂರ್ ಅವರ ಹೆಸರು ಅಲ್ಲಿಯೂ ಇಲ್ಲ.

ಅವರ ಹಟಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ಪುಸ್ತಕದ ಮುದ್ರಣ ನಿಂತ ಬಳಿಕ 'ವಾಚ್‌ಮೆನ್' ಹಕ್ಕುಗಳು ಲೇಖಕರಿಗೆ ಮರಳಬೇಕೆಂದು ಒಪ್ಪಂದವಾಗಿತ್ತು. ಪುಸ್ತಕ ಅಷ್ಟು ಜನಪ್ರಿಯವಾಯಿತೆಂದರೆ ಮುದ್ರಣ ನಿಲ್ಲಲೇ ಇಲ್ಲ. ಹಕ್ಕುಗಳು ಮರಳಲೂ ಇಲ್ಲ. ಕೃತಿಯ ಯಶಸ್ಸೇ ಕೃತಿಯನ್ನು ಅವರ ಕೈತಪ್ಪಿಸಿತು. ಅವರ ವಶದಲ್ಲಿ ಉಳಿದಿದ್ದುದು ಹೆಸರು ಮಾತ್ರ. ಅದನ್ನು ಅವರು ಹಿಂದಕ್ಕೆ ಪಡೆದರು.

ಸೋತ ಚಿತ್ರವೊಂದು ಮೂಲ ಕೃತಿಯ ಒಂದು ಅಕ್ಷರವನ್ನೂ ಅಳಿಸಲಾರದು, ನಿಜ. ಪುಸ್ತಕ ಕಪಾಟಿನಲ್ಲಿ ಹಾಗೆಯೇ ಇರುತ್ತದೆ. ಆದರೆ ಚಿತ್ರ ನೋಡಿದ ಅಸಂಖ್ಯ ಜನ ತಾವು ಆ ಪುಸ್ತಕವನ್ನು ಬಲ್ಲೆವೆಂದು ತಿಳಿಯುತ್ತಾರೆ. ತೆರೆದು ನೋಡುವ ಅಗತ್ಯವೇ ಅವರಿಗೆ ಕಾಣುವುದಿಲ್ಲ. ನಿಜವಾದ ನಷ್ಟ ಅದು. 'ವಾಚ್‌ಮೆನ್' ಚಿತ್ರವನ್ನು ಮಾತ್ರ ನೋಡಿರುವ ಓದುಗರು ನಾಲ್ಕನೆಯ ಅಧ್ಯಾಯವನ್ನಾದರೂ ಒಮ್ಮೆ ತೆರೆಯಲಿ. ಮಂಗಳ ಗ್ರಹದ ಮರಳಿನಲ್ಲಿ ಆ ಛಾಯಾಚಿತ್ರ ಈಗಾಗಲೇ ಬಿದ್ದಿದೆ. ಇನ್ನೂ ಕೈಯಲ್ಲಿಯೂ ಇದೆ.