ಹಂಪಿಯ ಚಾವಣಿಯಲ್ಲಿ ಮನ್ಮಥ

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಕಟ್ಟಿಸಿದನೆಂದು ಅಲ್ಲಿನ 1510ರ ಶಾಸನ ತಿಳಿಸುತ್ತದೆ. ಮಂಟಪದ ಚಾವಣಿಯಲ್ಲಿ ಗಿರಿಜಾಕಲ್ಯಾಣ, ತ್ರಿಪುರಸಂಹಾರ, ಮತ್ಸ್ಯಯಂತ್ರಕ್ಕೆ ಗುರಿಯಿಟ್ಟ ಅರ್ಜುನ, ದಶಾವತಾರ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಮುಂತಾದ ಚಿತ್ರಗಳಿವೆ. ಇವು ವಿಜಯನಗರ ಕಾಲದವೇ, 19ನೇ ಶತಮಾನದ ಆರಂಭದವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ತೇರಿಗೆ ಬರುವ ಭಕ್ತರು ಇದೇ ಚಾವಣಿಯ ಕೆಳಗೆ ಹಾದು ದರ್ಶನಕ್ಕೆ ಹೋಗುತ್ತಾರೆ. ತಲೆ ಎತ್ತಿ ನೋಡುವವರು ಕಡಿಮೆ.

ಇವುಗಳಲ್ಲಿ ಬಿಡಿಸಿ ನೋಡಲು ತಕ್ಕದ್ದು ಮನ್ಮಥನ ಚಿತ್ರ. ಒಂದು ಕಡೆ ಶಿವ ತಪಸ್ಸಿಗೆ ಕುಳಿತಿದ್ದಾನೆ. ಎದುರಿಗೆ ಗಿಳಿಗಳು ಎಳೆಯುವ ರಥವೇರಿ ಮನ್ಮಥ ಬಾಣ ಹೂಡಿದ್ದಾನೆ. ಇಂಥ ಚಿತ್ರದಲ್ಲಿ ಮುಖ ನೋಡಿ ಯಾರೆಂದು ಗುರುತಿಸಲಾಗದು. ಗುರುತು ಇರುವುದು ವಾಹನದಲ್ಲಿ, ಆಯುಧದಲ್ಲಿ, ಕೂರುವ ಭಂಗಿಯಲ್ಲಿ. ಗಿಳಿ ಕಂಡರೆ ಮನ್ಮಥ. ಅವನ ಬಿಲ್ಲು ಕಬ್ಬು, ಹೆದೆ ದುಂಬಿಗಳ ಸಾಲು. ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲ ಅವನ ಐದು ಬಾಣಗಳು. ಸಂಯೋಜನೆಯ ಜೀವ ಇರುವುದು ಅಲುಗದೆ ಕುಳಿತವನಿಗೂ ನುಗ್ಗಿ ಬರುವವನಿಗೂ ನಡುವಿನ ಎಳೆತದಲ್ಲಿ. ನೆರಳು ಬೆಳಕಿನ ಆಟವಿಲ್ಲ, ದೂರ ಹತ್ತಿರದ ಭ್ರಮೆಯೂ ಇಲ್ಲ. ಕೆಲಸವನ್ನೆಲ್ಲ ರೇಖೆಯೇ ಮಾಡುತ್ತದೆ.

ಕೃಷ್ಣದೇವರಾಯ ಆಳುತ್ತಿದ್ದ ದಿನಗಳಲ್ಲೇ, 1520–23ರ ನಡುವೆ, ವೆನಿಸ್‌ನ ಚಿತ್ರಗಾರ ಟಿಷಿಯನ್ ಫೆರಾರಾದ ದೊರೆ ಅಲ್ಫೋನ್ಸೊಗಾಗಿ ‘ಬ್ಯಾಕಸ್ ಮತ್ತು ಅರಿಯಾಡ್ನೆ’ ಬರೆದ. ಅಲ್ಲಿಯೂ ರಥವಿದೆ, ಎಳೆಯುವುದು ಚೀತಾಗಳ ಜೋಡಿ. ಪ್ರಿಯಕರ ಕೈಬಿಟ್ಟು ಹೋದ ಅರಿಯಾಡ್ನೆ ಎಡಗಡೆ ನಿಂತಿದ್ದಾಳೆ, ಅವನ ಹಡಗು ದೂರದ ಕಡಲಲ್ಲಿ ಚುಕ್ಕಿಯಾಗಿದೆ. ಮದ್ಯದೇವತೆ ಬ್ಯಾಕಸ್ ರಥದಿಂದ ಅವಳತ್ತ ಜಿಗಿದಿದ್ದಾನೆ, ಕಾಲು ಇನ್ನೂ ನೆಲ ಮುಟ್ಟಿಲ್ಲ. ಆಕಾಶದಲ್ಲಿ ನಕ್ಷತ್ರಗಳ ಬಳೆ; ಅದು ಅವಳಿಗೆ ಮುಂದೆ ದಕ್ಕಲಿರುವ ಕಿರೀಟ. ಬಲಗಡೆ ಕಂದು, ಹಸಿರಿನ ಗದ್ದಲ; ಎಡಗಡೆ ಮೇಲೆ ಅಪರಂಜಿಯಷ್ಟು ದುಬಾರಿಯಾಗಿದ್ದ ಅಫ್ಘನ್ ಕಲ್ಲಿನ ನೀಲಿ. ಆಗಿಹೋದದ್ದು, ಆಗುತ್ತಿರುವುದು, ಆಗಲಿರುವುದು ಮೂರನ್ನೂ ಟಿಷಿಯನ್ ಒಂದೇ ಚೌಕಟ್ಟಿನಲ್ಲಿ ಅಡಕಗೊಳಿಸಿದ್ದಾನೆ.

ಹಂಪಿಯ ಚಿತ್ರಗಾರ ಹಾಗೆ ಅಡಕಗೊಳಿಸುವ ಗೊಡವೆಗೆ ಹೋಗಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಮನ್ಮಥ ಉರಿದುಹೋದದ್ದು, ಆಮೇಲೆ ಶಿವ ಪಾರ್ವತಿಯ ಕೈಹಿಡಿದದ್ದು ನೋಡುವವರಿಗೆ ಗೊತ್ತೇ ಇತ್ತು. ಮದುವೆಯ ಚಿತ್ರ ಅದೇ ಚಾವಣಿಯಲ್ಲಿ ಬೇರೆ ಚೌಕದಲ್ಲಿದೆ. ಸ್ಥಳಪುರಾಣದಂತೆ ಶಿವ ತಪಸ್ಸು ಮಾಡಿದ್ದು ಪಕ್ಕದ ಹೇಮಕೂಟದಲ್ಲೇ. ದೇವಾಲಯದ ಉತ್ತರಕ್ಕೆ ಮನ್ಮಥ ಹೊಂಡವೂ ಇದೆ. ಇಲ್ಲಿ ವಿರೂಪಾಕ್ಷ, ಪಂಪೆ ಎನಿಸಿಕೊಂಡ ಶಿವ ಪಾರ್ವತಿಯರ ನಿಶ್ಚಿತಾರ್ಥ ಫಲಪೂಜೆಯಾಗಿ, ಕಲ್ಯಾಣ ಚೈತ್ರದ ಉತ್ಸವವಾಗಿ ಇಂದಿಗೂ ನಡೆಯುತ್ತವೆ. ಮಂಟಪಕ್ಕೆ ಹೋದವರು ಮೊದಲು ಗಿಳಿಗಳ ರಥವನ್ನು ಹುಡುಕಿ, ಆಮೇಲೆ ಕಲ್ಯಾಣದ ಚೌಕಕ್ಕೆ ಬರುವುದು ಒಳ್ಳೆಯದು.