ಕೈ ಕೆಸರಾಗದೆ ಬಾಯಿ ಮೊಸರಾದೀತೇ? ಕಾಲೇಜು ಮಕ್ಕಳ ಇಂಟರ್ನ್‌ಶಿಪ್ ಕುರಿತು

ಯುಗಾದಿ, ದೀಪಾವಳಿ ಕಾರ್ಯಕ್ರಮಗಳ ಊಟದ ಸಾಲಿನಲ್ಲಿ ನಮ್ಮ ನಡುವೆ ಮೊದಲೆಲ್ಲ ಕೇಳಿಬರುತ್ತಿದ್ದ ಪ್ರಶ್ನೆ, "ಮಗ ಯಾವ ಕಾಲೇಜು?" ಎಂಬುದು. ಈಗ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಸಮ್ಮರ್‌ಗೆ ಇಂಟರ್ನ್‌ಶಿಪ್ ಸಿಕ್ಕಿತೇ?" ಸಿಕ್ಕಿದವರ ತಂದೆತಾಯಿಯರು ಕಂಪನಿಯ ಹೆಸರು ಹೇಳುತ್ತಾರೆ. ಸಿಗದವರು ಕೋಸಂಬರಿ ಬಡಿಸುವವರ ಕಡೆ ನೋಡುತ್ತಾರೆ. ಮಕ್ಕಳ ಓದಿನ ವಿಷಯದಲ್ಲಿ ನಾವು ಕನ್ನಡಿಗರು ಎಂದೂ ಹಿಂದೆ ಬಿದ್ದವರಲ್ಲ. ಆದರೆ ಅಂಕ, ರ್‍ಯಾಂಕ್, ಜಿಪಿಎಗಳಿಗೆ ಕೊಟ್ಟಷ್ಟು ಗಮನವನ್ನು ನಾವು ಕೈಕೆಲಸದ ಅನುಭವಕ್ಕೆ ಕೊಟ್ಟಿಲ್ಲ ಎಂದೇ ಹೇಳಬೇಕು.

ಹಾಗೆಂದು ಇದು ನಮಗೆ ಹೊಸ ಸಂಗತಿಯೇನೂ ಅಲ್ಲ. ಎಂ.ಬಿ.ಬಿ.ಎಸ್. ಮುಗಿಸಿದವರು ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿಯದೆ ಡಾಕ್ಟರ್ ಆಗುವುದಿಲ್ಲ. ಸಿ.ಎ. ಓದುವವರು ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡಲೇಬೇಕು. ಎಲ್.ಎಲ್.ಬಿ. ಮುಗಿಸಿದವರು ಹಿರಿಯ ವಕೀಲರ ಫೈಲು ಹೊತ್ತು ಕೋರ್ಟು ಸುತ್ತಿಯೇ ವಕೀಲಿ ಕಲಿಯುತ್ತಾರೆ. ನಮ್ಮಲ್ಲಿ ಎಷ್ಟೋ ಜನರ ಅಪ್ಪ, ಚಿಕ್ಕಪ್ಪಂದಿರು ಬೆಂಗಳೂರಿನ ಎಚ್.ಎಂ.ಟಿ., ಬಿ.ಇ.ಎಲ್., ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳಿಗೆ ಅಪ್ರೆಂಟಿಸ್ ಆಗಿಯೇ ಕಾಲಿಟ್ಟವರು. ಭಾರತದಲ್ಲಿ ಅಪ್ರೆಂಟಿಸ್ ಕಾಯಿದೆ ಬಂದದ್ದು 1961ರಲ್ಲಿ. 1973ರ ತಿದ್ದುಪಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾದವರನ್ನೂ ಅದರೊಳಗೆ ತಂದಿತು.

ಅಮೆರಿಕದಲ್ಲಿ ಈ ಪದ್ಧತಿಯನ್ನು ಕಾಲೇಜಿನ ಒಳಕ್ಕೆ ತಂದ ಹೆಗ್ಗಳಿಕೆ ಹರ್ಮನ್ ಷ್ನೈಡರ್ ಎಂಬ ಇಂಜಿನಿಯರಿಂಗ್ ಪ್ರಾಧ್ಯಾಪಕರದು. ತರಗತಿಯಲ್ಲಿ ಕುಳಿತು ಇಂಜಿನಿಯರಿಂಗನ್ನು ಪೂರ್ತಿಯಾಗಿ ಕಲಿಯಲು ಸಾಧ್ಯವಿಲ್ಲ ಎಂಬುದು ಅವರ ಖಚಿತ ಅಭಿಪ್ರಾಯ. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ 27 ವಿದ್ಯಾರ್ಥಿಗಳೊಂದಿಗೆ ಅವರು ಒಂದು ಪ್ರಯೋಗ ಆರಂಭಿಸಿದರು. ಒಂದು ವಾರ ತರಗತಿ, ಮರುವಾರ ಕಾರ್ಖಾನೆ. ಒಬ್ಬ ತರಗತಿಗೆ ಬಂದಾಗ ಅವನ ಜೋಡಿಯವನು ಕೆಲಸದ ಜಾಗಕ್ಕೆ ಹೋಗುತ್ತಿದ್ದ, ಹೀಗಾಗಿ ಕಾರ್ಖಾನೆಯ ಕೆಲಸವೂ ನಿಲ್ಲುತ್ತಿರಲಿಲ್ಲ. ಇದೇ ಇಂದಿನ 'ಕೋ-ಆಪ್'. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ 1909ರಲ್ಲಿ, ಫಿಲಡೆಲ್ಫಿಯಾದ ಡ್ರೆಕ್ಸೆಲ್ 1919ರಲ್ಲಿ ಇದನ್ನು ಅಳವಡಿಸಿಕೊಂಡವು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯವಂತೂ 1957ರಲ್ಲಿ ಹುಟ್ಟಿದ್ದೇ ಕೋ-ಆಪ್ ಜೊತೆಗೆ. ಕಾಲೇಜು ಆರಿಸುವಾಗ ನಮ್ಮ ಮನೆಗಳಲ್ಲಿ ರ್‍ಯಾಂಕಿಂಗ್ ಪಟ್ಟಿ ಹಿಡಿದು ಕೂರುವವರು, ಅಲ್ಲಿ ಕೋ-ಆಪ್ ಇದೆಯೇ ಎಂದೂ ಒಮ್ಮೆ ನೋಡಿದರೆ ಒಳ್ಳೆಯದು. ಡಿಗ್ರಿಗೆ ಕೆಲವೊಮ್ಮೆ ನಾಲ್ಕರ ಬದಲು ಐದು ವರ್ಷ ಹಿಡಿಯುವುದು ನಿಜ. ಆದರೆ ಕೋ-ಆಪ್ ಕೆಲಸಕ್ಕೆ ಸಾಮಾನ್ಯವಾಗಿ ಸಂಬಳವೂ ಇರುತ್ತದೆ.

ಇಂಟರ್ನ್‌ಶಿಪ್‌ನಿಂದ ಏನು ಉಪಯೋಗ? ರೆಸ್ಯುಮೆಯಲ್ಲಿ ಒಂದು ಸಾಲು ಹೆಚ್ಚುತ್ತದೆ ಎಂಬುದು ಅತ್ಯಂತ ಚಿಕ್ಕ ಲಾಭ. ಕಂಪನಿಯವರ ದೃಷ್ಟಿಯಿಂದ ನೋಡಿ. ಮುಕ್ಕಾಲು ಗಂಟೆಯ ಸಂದರ್ಶನದಲ್ಲಿ ಯಾರ ಯೋಗ್ಯತೆ ತಾನೇ ತಿಳಿಯುತ್ತದೆ? ಹತ್ತು ಹನ್ನೆರಡು ವಾರ ಜೊತೆಯಲ್ಲಿ ಕೆಲಸ ಮಾಡಿದ ಹುಡುಗಿಯ ವಿಷಯ ಹಾಗಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಸುತ್ತಾಳೆಯೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಾಳೆಯೇ, ನಾಲ್ಕು ಜನರ ಜೊತೆ ಹೊಂದಿಕೊಳ್ಳುತ್ತಾಳೆಯೇ ಎಂಬುದೆಲ್ಲ ಅಷ್ಟರಲ್ಲಿ ತಿಳಿದಿರುತ್ತದೆ. ಆದ್ದರಿಂದಲೇ ದೊಡ್ಡ ಕಂಪನಿಗಳು ಹೊಸ ಪದವೀಧರರನ್ನು ತೆಗೆದುಕೊಳ್ಳುವಾಗ ಮೊದಲು ತಮ್ಮ ಇಂಟರ್ನ್‌ಗಳ ಕಡೆ ನೋಡುತ್ತವೆ.

ವಿದ್ಯಾರ್ಥಿಯ ಲಾಭ ಇದಕ್ಕಿಂತ ದೊಡ್ಡದು. ತರಗತಿಯ ಲೆಕ್ಕಕ್ಕೆ ಉತ್ತರ ಪುಸ್ತಕದ ಕೊನೆಯಲ್ಲಿರುತ್ತದೆ, ಆಫೀಸಿನ ಲೆಕ್ಕಕ್ಕೆ ಎಷ್ಟೋ ಸಲ ಪ್ರಶ್ನೆಯೇ ಸ್ಪಷ್ಟವಿರುವುದಿಲ್ಲ. ಬೇರೆಯವರು ಐದು ವರ್ಷದ ಹಿಂದೆ ಬರೆದ ಪ್ರೋಗ್ರಾಮನ್ನು ಓದಿ ಅರ್ಥ ಮಾಡಿಕೊಳ್ಳುವುದು, ಕಟ್ಟಡದ ನಕ್ಷೆಯಲ್ಲಿರುವ ಗೋಡೆ ಸೈಟಿನಲ್ಲಿ ಏಕೆ ಬೇರೆ ಕಡೆ ನಿಂತಿದೆ ಎಂದು ಮೇಸ್ತ್ರಿಯನ್ನು ಕೇಳುವುದು, ಎರಡು ದಿನ ಒದ್ದಾಡುವ ಬದಲು ಎರಡನೇ ಗಂಟೆಗೇ ಹಿರಿಯರ ಸಹಾಯ ಬೇಡುವುದು, ಇವನ್ನೆಲ್ಲ ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. "ಈ ಕೆಲಸ ನನಗೆ ಒಗ್ಗದು" ಎಂದು ಎರಡನೇ ವರ್ಷದಲ್ಲೇ ಗೊತ್ತಾಗುವುದೂ ನಮ್ಮ ಪ್ರಕಾರ ಒಂದು ಲಾಭವೇ. ಮೂವತ್ತು ದಾಟಿದ ಮೇಲೆ ಗೊತ್ತಾಗಿ ಒಳಗೊಳಗೇ ಕೊರಗುವವರನ್ನು ನಾವೆಲ್ಲ ಕಂಡಿದ್ದೇವೆ.

ಮೊದಲ, ಎರಡನೇ ವರ್ಷದವರಿಗೆ ಕಂಪನಿಗಳ ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಅವರಿಗೆ ಕ್ಯಾಂಪಸ್ಸಿನ ಲ್ಯಾಬೇ ಒಳ್ಳೆಯ ಆರಂಭ. ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಸೇರಿಸಿಕೊಳ್ಳುವ ಕಾರ್ಯಕ್ರಮವನ್ನು ಎಂ.ಐ.ಟಿ. 1969ರಲ್ಲೇ ಆರಂಭಿಸಿತು, ಇಂದು ಅಂಥವು ಅನೇಕ ವಿಶ್ವವಿದ್ಯಾಲಯಗಳಲ್ಲಿವೆ. ನ್ಯಾಷನಲ್ ಸೈನ್ಸ್ ಫೌಂಡೇಷನ್ನಿನ ಆರ್.ಇ.ಯು. ಎಂಬ ಬೇಸಿಗೆ ಕಾರ್ಯಕ್ರಮದಲ್ಲಿ ಸ್ಟೈಪೆಂಡ್ ಕೊಟ್ಟು ಸಂಶೋಧನೆ ಕಲಿಸುತ್ತಾರೆ. ಆ ಸ್ಟೈಪೆಂಡ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಇನ್ನು ಸಮಯದ ವಿಷಯ: ಬೇಸಿಗೆಯ ಇಂಟರ್ನ್‌ಶಿಪ್‌ಗೆ ಏಪ್ರಿಲ್‌ನಲ್ಲಿ ಹುಡುಕಲು ಹೊರಟರೆ ಜಾತ್ರೆ ಮುಗಿದ ಮೇಲೆ ತೇರು ನೋಡಲು ಹೋದಂತೆ. ದೊಡ್ಡ ಕಂಪನಿಗಳ ಆಯ್ಕೆ ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಶುರುವಾಗುತ್ತದೆ. ಬಂಡವಾಳ ಬ್ಯಾಂಕುಗಳದ್ದು ಅದಕ್ಕೂ ಮುಂಚೆ. ಸಣ್ಣ ಕಂಪನಿಗಳು ಮಾತ್ರ ವಸಂತದವರೆಗೂ ಕಾಯುತ್ತವೆ, ಅಲ್ಲಿ ಕಲಿಯುವುದೂ ಕೆಲವೊಮ್ಮೆ ಹೆಚ್ಚು.

ಸಂಬಳವಿಲ್ಲದ ಇಂಟರ್ನ್‌ಶಿಪ್ ಒಪ್ಪಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಲಾಭಕ್ಕಾಗಿ ನಡೆಯುವ ಸಂಸ್ಥೆ ಹೀಗೆ ಬಿಟ್ಟಿ ದುಡಿಸಿಕೊಳ್ಳುವಂತಿಲ್ಲ. ಈ ವ್ಯವಸ್ಥೆಯಿಂದ ಮುಖ್ಯವಾಗಿ ಲಾಭ ಪಡೆಯುವವರು ಯಾರು, ವಿದ್ಯಾರ್ಥಿಯೋ ಮಾಲೀಕನೋ ಎಂದು ನೋಡಬೇಕೆಂಬ ಪರೀಕ್ಷೆಯನ್ನು ಅಮೆರಿಕದ ಕಾರ್ಮಿಕ ಇಲಾಖೆ 2018ರಲ್ಲಿ ಒಪ್ಪಿಕೊಂಡಿತು. ಮಾಲೀಕನಿಗೇ ಲಾಭವೆಂದಾದರೆ ಅವನು ಕನಿಷ್ಠ ವೇತನ ಕೊಡಬೇಕು. ಸಂಬಳ ಪಡೆದ ಇಂಟರ್ನ್‌ಗಳಿಗೆ ಮುಂದೆ ನೌಕರಿಯ ಅವಕಾಶ ಹೆಚ್ಚು ಸಿಗುತ್ತದೆಂದು ಕಾಲೇಜು ನೇಮಕಾತಿಯ ಸಮೀಕ್ಷೆಗಳೂ ಮತ್ತೆ ಮತ್ತೆ ತೋರಿಸಿವೆ. ಸಂಬಳ ಕೊಡುವವನು ಕೆಲಸವನ್ನೂ ಕೊಡುತ್ತಾನೆ, ಕೊಡದವನು ಝೆರಾಕ್ಸ್ ಮಾಡಿಸುತ್ತಾನೆ ಎಂದು ನಾವು ತಮಾಷೆಗೆ ಹೇಳುವುದುಂಟು. ಒಪ್ಪುವ ಮೊದಲು "ನನ್ನ ಕೆಲಸವನ್ನು ದಿನವೂ ನೋಡುವವರು ಯಾರು? ಬೇಸಿಗೆಯ ಕೊನೆಗೆ ನಾನು ಏನನ್ನು ಮುಗಿಸಿರಬೇಕು?" ಎಂದು ಮಕ್ಕಳು ಕೇಳಲಿ. ಉತ್ತರ ತಡವರಿಸಿದರೆ ಯೋಚಿಸಬೇಕು.

ಕರ್ನಾಟಕದಿಂದ ಎಂ.ಎಸ್. ಮಾಡಲು ಬಂದ ವಿದ್ಯಾರ್ಥಿಗಳ ವಿಷಯ ಇನ್ನೂ ಸೂಕ್ಷ್ಮ. ಅನೇಕರು ಮನೆ, ಜಮೀನು ಅಡವಿಟ್ಟು ಸಾಲ ಮಾಡಿ ಬಂದಿರುತ್ತಾರೆ. ಎಫ್-1 ವೀಸಾದವರು ಓದಿನ ನಡುವೆ ಹೊರಗೆ ಇಂಟರ್ನ್‌ಶಿಪ್ ಮಾಡಲು ಸಾಮಾನ್ಯವಾಗಿ ಸಿ.ಪಿ.ಟಿ. ಅನುಮತಿ ಬೇಕು. ಕೆಲಸ ಓದಿನ ಭಾಗವೇ ಆಗಿರಬೇಕು, ಅನುಮತಿ ಐ-20ರಲ್ಲಿ ನಮೂದಾದ ನಂತರವೇ ಮೊದಲ ದಿನ ಆಫೀಸಿಗೆ ಹೋಗಬೇಕು. ಪೂರ್ಣಾವಧಿ ಸಿ.ಪಿ.ಟಿ. 12 ತಿಂಗಳು ಮುಟ್ಟಿದರೆ ಆ ಹಂತದ ಪದವಿಯ ಒ.ಪಿ.ಟಿ. ಕೈತಪ್ಪುತ್ತದೆ. ಒ.ಪಿ.ಟಿ. 12 ತಿಂಗಳದು, ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳ ವಿಸ್ತರಣೆ ಉಂಟು. ಮೊದಲ ಒ.ಪಿ.ಟಿ.ಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಗೆಳೆಯರ ಮಾತನ್ನಾಗಲಿ, ನಮ್ಮ ಈ ಲೇಖನವನ್ನಾಗಲಿ ನೆಚ್ಚದೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಕೇಳಿ. "ಹಣ ಕಟ್ಟಿ, ಇಂಟರ್ನ್‌ಶಿಪ್ ಪತ್ರ ಕೊಡುತ್ತೇವೆ" ಎನ್ನುವವರ ಹತ್ತಿರ ಸುಳಿಯಬೇಡಿ. ಸುಳ್ಳು ಪತ್ರದಿಂದ ಹೋಗುವುದು ಹಣವೊಂದೇ ಅಲ್ಲ, ವೀಸಾ ಕೂಡ.

ತಾಯ್ನಾಡಿನಲ್ಲೂ ಗಾಳಿ ಬದಲಾಗಿದೆ. ವಿ.ಟಿ.ಯು. ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಈಗ ಕಡ್ಡಾಯ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರದಲ್ಲಿ ಮಕ್ಕಳು ಮೊದಲಿನಿಂದಲೂ ಯಂತ್ರದ ಮುಂದೆ ನಿಂತೇ ಟೂಲ್ ಅಂಡ್ ಡೈ ಡಿಪ್ಲೊಮಾ ಕಲಿಯುತ್ತಾರೆ, ಕೊನೆಯ ವರ್ಷ ಕಾರ್ಖಾನೆಯಲ್ಲಿ ತರಬೇತಿ. ಎಲ್ಲ ಕಡೆ ಇಷ್ಟು ಗಟ್ಟಿಯಾಗಿಲ್ಲ. ಹತ್ತಿರದಲ್ಲಿ ಕಾರ್ಖಾನೆಯೇ ಇಲ್ಲದ ಊರುಗಳ ಹುಡುಗರು ಸರ್ಟಿಫಿಕೇಟ್ ಕೊಂಡು ಕೈತೊಳೆದುಕೊಳ್ಳುವುದೂ ಉಂಟು. ಬೆಂಗಳೂರಿಗೆ ಹೋಗೋಣವೆಂದರೆ ಪಿ.ಜಿ. ಬಾಡಿಗೆ, ಊಟ, ಬಸ್ಸು. 2024ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ತಿಂಗಳಿಗೆ ಇಟ್ಟ ಭತ್ಯೆ 5000 ರೂಪಾಯಿ. ಅದರಲ್ಲಿ ಬೆಂಗಳೂರಿನಲ್ಲಿ ತಿಂಗಳು ತಳ್ಳುವುದು ಹೇಗೆಂದು ಇತ್ತೀಚೆಗೆ ಊರಿಗೆ ಹೋಗಿಬಂದವರೇ ಹೇಳಲಿ. ನಾವು ಬಡ ವಿದ್ಯಾರ್ಥಿಗಳಿಗೆ ಕಾಲೇಜು ಫೀಸು ಕಟ್ಟಲು ಮುಂದಾಗುತ್ತೇವೆ, ಸಂತೋಷ. ಆ ಮೂರು ತಿಂಗಳ ಊಟ-ವಸತಿಯ ಖರ್ಚನ್ನೂ ಅದರೊಳಗೆ ಸೇರಿಸಬಾರದೇಕೆ? ಫೀಸು ಕಟ್ಟಿಸಿಕೊಂಡು ಓದಿದ ಹುಡುಗಿ ಆ ಖರ್ಚಿಗಾಗಿ ಇಂಟರ್ನ್‌ಶಿಪ್ ಬಿಟ್ಟರೆ ಡಿಗ್ರಿ ಕೈಯಲ್ಲಿದ್ದೂ ಮನೆಯಲ್ಲೇ ಕೂರಬೇಕಾದೀತು.

ಇಲ್ಲಿ ನಮ್ಮವರದೇ ಆದ ಡೆಂಟಲ್ ಕ್ಲಿನಿಕ್, ಟ್ಯಾಕ್ಸ್ ಆಫೀಸು, ಸಾಫ್ಟ್‌ವೇರ್ ಸಂಸ್ಥೆ, ಹೋಟೆಲುಗಳಿವೆ. ಅವರಲ್ಲಿ ಹಲವರು ಇಂಥ ಸಂಚಿಕೆಗಳಿಗೆ ಜಾಹೀರಾತು ಕೊಟ್ಟು ಕೈಹಿಡಿಯುವವರು. ವರ್ಷಕ್ಕೆ ಒಬ್ಬ ವಿದ್ಯಾರ್ಥಿಗಾದರೂ ಸಂಬಳ ಕೊಟ್ಟು ಕೆಲಸ ಕಲಿಸಬಹುದು. ಪರಿಚಯದವರ ಮಗ ಎಂದು ಮಾತ್ರ ಬೇಡ, ಇಲ್ಲಿ ಯಾರ ಪರಿಚಯವೂ ಇಲ್ಲದೆ ಈಗ ತಾನೇ ಬಂದಿಳಿದವರನ್ನೂ ಒಮ್ಮೆ ವಿಚಾರಿಸಿ, ವೀಸಾ ನಿಯಮ ನೋಡಿಕೊಂಡು. ನೌಕರಿಯಲ್ಲಿರುವ ಉಳಿದವರು ಸಾಲಿನಲ್ಲಿ ಸಿಕ್ಕ ಮಕ್ಕಳಿಗೆ "ಯಾವ ಕಂಪನಿ?" ಎಂದು ಕೇಳುವ ಬದಲು ಇಪ್ಪತ್ತು ನಿಮಿಷ ಫೋನಿನಲ್ಲಿ ತಮ್ಮ ಕೆಲಸ ಎಂಥದೆಂದು ಹೇಳಿ, ಅವರ ರೆಸ್ಯುಮೆಯನ್ನೊಮ್ಮೆ ತಿದ್ದಿಕೊಡಬಹುದು. ಸೆಪ್ಟೆಂಬರ್‌ಗೆ ಮೊದಲೇ ಆದರೆ ಉತ್ತಮ.