ನಿಮಗಿದು ಗೊತ್ತೆ? ಮಕ್ಕಳ ಹಲ್ಲು ಮತ್ತು ಅರಿವಳಿಕೆ

ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದಲ್ಲ ಎಂದು ಹುಳುಕನ್ನು ಕಡೆಗಣಿಸುವುದು ತಪ್ಪು. ಹಿಂದಿನ ಹಾಲು ದವಡೆಹಲ್ಲುಗಳು ಹತ್ತು-ಹನ್ನೆರಡನೇ ವರ್ಷದವರೆಗೂ ಬೇಕು. ಆದರೆ ಎರಡು-ಮೂರು ವರ್ಷದ ಮಗು ಅಲುಗಾಡದೆ ಬಾಯಿ ತೆರೆದು ಕೂರದು. ಹಲವು ಹಲ್ಲು ಕೆಟ್ಟಿದ್ದರೆ ಕೆಲವೊಮ್ಮೆ ಮಂಪರು ಅಥವಾ ಪೂರ್ಣ ಅರಿವಳಿಕೆ ಅನಿವಾರ್ಯ.

ಇದರಿಂದ ಮಿದುಳಿಗೆ ಹಾನಿಯೇ? ಪೋಷಕರ ಈ ಆತಂಕ ಸಹಜ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 3 ವರ್ಷದೊಳಗಿನವರಿಗೆ 3 ಗಂಟೆ ಮೀರಿದ ಅಥವಾ ಪದೇ ಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಸಿತ್ತು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಸಮಾಧಾನದ ಸುದ್ದಿ ಕೊಟ್ಟಿತು. 7 ದೇಶಗಳಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಒಳಗಾದ 722 ಹಸುಳೆಗಳ ‘ಗ್ಯಾಸ್’ ಅಧ್ಯಯನವದು. ಕೆಲವರಿಗೆ ಸೆವೊಫ್ಲುರೇನ್ ಎಂಬ ಔಷಧದ ಪೂರ್ಣ ಅರಿವಳಿಕೆ, ಉಳಿದವರಿಗೆ ಎಚ್ಚರದಲ್ಲೇ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್. ಐದನೇ ವರ್ಷದಲ್ಲಿ ಅಳೆದಾಗ ಎರಡೂ ಗುಂಪುಗಳ ಬುದ್ಧಿಮಟ್ಟ ಸಮನಾಗಿತ್ತು. ಆದರೆ ಇದು ಒಮ್ಮೆ ಮಾತ್ರ ಕೊಟ್ಟ, ಸರಾಸರಿ ಒಂದು ಗಂಟೆಯೊಳಗಿನ ಅರಿವಳಿಕೆಯ ಮಾತು.

ನಿಜಕ್ಕೂ ಹೆದರಬೇಕಾದದ್ದು ಉಸಿರಾಟದ ತೊಡಕಿಗೆ. ಆಳವಾದ ಮಂಪರಿನಲ್ಲಿ ಹಲ್ಲಿನ ವೈದ್ಯರೊಬ್ಬರೇ ಇದ್ದರೆ ಸಾಲದು, ಮಗುವಿನ ಉಸಿರು, ಆಮ್ಲಜನಕವನ್ನಷ್ಟೇ ಗಮನಿಸುವ ತರಬೇತಿ ಪಡೆದ ಇನ್ನೊಬ್ಬರು ಇರಲೇಬೇಕು. ಹೊಟ್ಟೆಯೂ ಖಾಲಿಯಿರಬೇಕು: ಸಾಮಾನ್ಯ ನಿಯಮದಂತೆ ನೀರು 2 ಗಂಟೆ, ಎದೆಹಾಲು 4 ಗಂಟೆ, ಹಸುವಿನ ಹಾಲು 6 ಗಂಟೆ ಮುಂಚೆಯೇ ನಿಲ್ಲಬೇಕು.